ಬ್ರಿಟಿಷ್ ಶಾರ್ಟ್‌ಹೇರ್ ತರಲೋ, ಅಮೆರಿಕನ್ ಶಾರ್ಟ್‌ಹೇರ್ ತರಲೋ? ವಿಜಯಪುರದ ಮನೆಗೆ ಯಾವುದು ಹೊಂದುತ್ತದೆ?

ಗೋಳಗುಮ್ಮಟದ ನೆರಳು, ವಿಜಯಪುರ

ಎಲ್ಲರಿಗೂ ನಮಸ್ಕಾರ. ಮನೆಗೆ ಬೆಕ್ಕು ತರುವುದು ಅಂತ ಗಟ್ಟಿ ಆಗಿದೆ. ಪರ್ಷಿಯನ್ ಬೇಡ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಅಷ್ಟು ಕೂದಲು ಹೊತ್ತ ಪ್ರಾಣಿಗೆ ಅದು ಕಷ್ಟ, ದಿನಾ ಬಾಚುವ ನಮಗೂ ಕಷ್ಟ. ಹಾಗಾಗಿ ಗಿಡ್ಡ ಕೂದಲಿನ ಎರಡು ತಳಿ ನೋಡಿದ್ದೇವೆ. ಒಂದು ಬ್ರಿಟಿಷ್ ಶಾರ್ಟ್‌ಹೇರ್, ಬೂದು ಬಣ್ಣದ್ದು. ಇನ್ನೊಂದು ಅಮೆರಿಕನ್ ಶಾರ್ಟ್‌ಹೇರ್, ಬೆಳ್ಳಿ ಬಣ್ಣದ ಮೇಲೆ ಕಪ್ಪು ಪಟ್ಟೆ ಇರುವುದು. ಬ್ರಿಟಿಷ್ ಕೊಡುವವರು ಪುಣೆಯಲ್ಲಿದ್ದಾರೆ, ಅಮೆರಿಕನ್ ಕೊಡುವವರು ಹೈದರಾಬಾದಿನಲ್ಲಿ.

ಮನೆಯಲ್ಲಿ ನಾವಿಬ್ಬರು, ಅತ್ತೆ, ನಾಲ್ಕನೇ ಕ್ಲಾಸಿನ ಮಗಳು. ಕೆಳಗಿನ ಮನೆ, ನೆಲಕ್ಕೆ ಫರಸಿ, ಹಿಂದೆ ಸಣ್ಣ ಹಿತ್ತಲು. ಅತ್ತೆಗೆ ಬೆಕ್ಕೆಂದರೆ ಜೀವ. ಆದರೆ ಮೊಣಕಾಲು ನೋವಿದೆ, ಕಾಲಿಗೆ ಅಡ್ಡ ಬರುವ ಬೆಕ್ಕು ಬೇಡ. ಮಗಳಿಗೆ ಮಾತ್ರ ಜೊತೆಗೆ ಆಡುವ ಬೆಕ್ಕೇ ಬೇಕು. ಮತ್ತೆ, ನಮ್ಮದು ಶಾಕಾಹಾರಿ ಮನೆ. ಸಾಕಿದವರು, ಹತ್ತಿರದಿಂದ ನೋಡಿದವರು ದಯವಿಟ್ಟು ಹೇಳಿ.

ಟಿಳಕವಾಡಿ ಕಿಟಕಿ, ಬೆಳಗಾವಿ

ಅಕ್ಕಾ, ನಮ್ಮ ಮನೆಯಲ್ಲಿ ಬ್ರಿಟಿಷ್ ಇದೆ. ಹೆಣ್ಣು, ಬೂದು ಬಣ್ಣ. ಮೊದಲು ಅದರ ಸ್ವಭಾವ ಹೇಳ್ತೀನಿ, ಯಾಕಂದ್ರೆ ಫೋಟೋ ನೋಡಿ ತರುವವರಿಗೆ ಗೊತ್ತಾಗದೇ ಉಳಿಯುವುದು ಅದೇ. ದುಂಡು ಮುಖ, ಉಬ್ಬಿದ ಗಲ್ಲ ನೋಡಿ ಬಂದವರೆಲ್ಲ ಎತ್ತಿ ಅಪ್ಪಿಕೊಳ್ಳಲು ಹೋಗುತ್ತಾರೆ. ಇದಕ್ಕೆ ಎತ್ತಿಕೊಳ್ಳುವುದೇ ಸೇರುವುದಿಲ್ಲ. ಎತ್ತಿದರೆ ಪರಚುವುದಿಲ್ಲ, ಕಚ್ಚುವುದಿಲ್ಲ. ಮೈ ಬಿಗಿ ಮಾಡಿಕೊಂಡು ಎರಡೂ ಮುಂಗಾಲಿನಿಂದ ನಮ್ಮ ಎದೆ ತಳ್ಳುತ್ತದೆ. ಕೆಳಗೆ ಬಿಟ್ಟ ಕೂಡಲೇ ದೂರ ಓಡುವುದೂ ಇಲ್ಲ. ಒಂದು ಮೊಳ ಬಿಟ್ಟು ಅಲ್ಲೇ ಪಕ್ಕದಲ್ಲಿ ಕೂರುತ್ತದೆ. ನಾವು ಅಡುಗೆ ಮನೆಗೆ ಹೋದರೆ ಅಡುಗೆ ಮನೆಯ ಬಾಗಿಲಿಗೆ ಬಂದು ಕೂರುತ್ತದೆ. ತೊಡೆಯ ಮೇಲೆ ಬೇಕು ಅನ್ನುವವರಿಗೆ ಬೇಸರ ಆಗಬಹುದು. ನಿಮ್ಮ ಅತ್ತೆಯವರಿಗೆ ಇಂಥದ್ದೇ ಸರಿ ಅನಿಸುತ್ತದೆ, ಕಾಲಿಗೆ ತೊಡರಿಕೊಳ್ಳುವ ಜಾತಿ ಅಲ್ಲ.

ಆಟ ಇದೆ. ಸಂಜೆ ಹತ್ತು ನಿಮಿಷ ಜೋರಾಗಿ ಓಡುತ್ತದೆ, ಆಮೇಲೆ ಮಲಗುತ್ತದೆ. ಮಗಳು ಗಂಟೆಗಟ್ಟಲೆ ಆಡಿಸಬೇಕು ಅಂದರೆ ಆಗುವುದಿಲ್ಲ.

ಇನ್ನೊಂದು ವಿಷಯ. ಈ ತಳಿ ನಿಧಾನವಾಗಿ ಬೆಳೆಯುತ್ತದೆ. ಪೂರ್ತಿ ಮೈ ಕಟ್ಟಿಕೊಳ್ಳಲು ಮೂರರಿಂದ ಐದು ವರ್ಷ ಬೇಕು. ಗಂಡು 5ರಿಂದ 8 ಕೆಜಿ ತೂಗುತ್ತದೆ, ಹೆಣ್ಣು ಅದಕ್ಕಿಂತ ಸಾಕಷ್ಟು ಕಡಿಮೆ. ಮರಿಯಾಗದಂತೆ ಮಾಡುವ ಆಪರೇಷನ್ ಆದ ಮೇಲೆ ಕೇಳಿದಾಗೆಲ್ಲ ತಿನ್ನಲು ಕೊಟ್ಟರೆ ಬೊಜ್ಜು ಬಂದೇ ಬರುತ್ತದೆ. ನಮ್ಮಲ್ಲಿ ಬೆಳಿಗ್ಗೆ ತೂಕ ಮಾಡಿ ಡಬ್ಬಿಗೆ ಹಾಕುತ್ತೇವೆ. ದಿನವಿಡೀ ಯಾರೇ ಕೊಟ್ಟರೂ ಆ ಡಬ್ಬಿಯಿಂದಲೇ ಕೊಡಬೇಕು.

ಘಟಪ್ರಭಾ ದಂಡೆ, ಬಾಗಲಕೋಟೆ

ತಂಗೀ, ನಾನು ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿದ್ದೆ. ಅವರ ಮನೆಯಲ್ಲಿ ಅಮೆರಿಕನ್ ಶಾರ್ಟ್‌ಹೇರ್ ಇದೆ, ಕಾಗದಪತ್ರ ಇರುವ ಅಸಲಿ ತಳಿ. ಕೂಸು ಹಿಡಿದುಕೊಂಡು ಹಗಲೂ ರಾತ್ರಿ ಅದರ ಜೊತೆಗೇ ಇದ್ದೆ, ಅದಕ್ಕೆ ಧೈರ್ಯವಾಗಿ ಹೇಳುತ್ತೇನೆ.

ಬಲು ಹೊಂದಿಕೊಳ್ಳುವ ಬೆಕ್ಕು. ಕೂಸು ಅತ್ತರೆ ತೊಟ್ಟಿಲ ಹತ್ತಿರ ಬಂದು ನೋಡಿ ಹೋಗುತ್ತಿತ್ತು. ಬಂದವರ ಮುಂದೆ ಮಂಚದ ಕೆಳಗೆ ಅಡಗುತ್ತಿರಲಿಲ್ಲ. ಆಟ ಬ್ರಿಟಿಷಿಗಿಂತ ಜಾಸ್ತಿ. ಒಂದು ಜಿರಲೆ, ಒಂದು ಪತಂಗ ಕಂಡರೆ ಸಾಕು, ಬಾಲದ ತುದಿ ಅಲುಗಿಸುತ್ತ ಕಿಟಕಿಯ ಕೆಳಗೆ ಕಾಯುತ್ತಾ ಕೂರುತ್ತಿತ್ತು. ಸಿಗುವ ತನಕ ಬಿಡುತ್ತಿರಲಿಲ್ಲ. ನಿನ್ನ ಮಗಳಿಗೆ ಇದೇ ಜೋಡಿ ಅಂತ ನನಗೆ ಅನಿಸುತ್ತದೆ. ಆದರೆ ಹಾದಿಯಲ್ಲಿ ಅಡ್ಡ ಬರುವುದಿಲ್ಲ ಅಂತ ಮಾತು ಕೊಡಲಾರೆ. ಓಡುವ ಭರದಲ್ಲಿ ಎರಡು ಸಲ ನನ್ನ ಸೀರೆಯ ನೆರಿಗೆಯೊಳಗೇ ನುಗ್ಗಿದೆ.

ಅಡತಿ ಅಂಗಡಿ, ವಿಜಯಪುರ

ತಂಗೀ, ಬೇಸರ ಮಾಡಿಕೊಳ್ಳಬೇಡ. ನಮ್ಮ ಅಂಗಡಿಯಲ್ಲಿ ಜೋಳ, ಕಡಲೆ ಚೀಲದ ಸಂದಿಯಲ್ಲೇ ಹುಟ್ಟಿ ಬೆಳೆದ ಬೆಕ್ಕುಗಳಿವೆ. ಎಲ್ಲ ಜವಾರಿ. ಅವೂ ಗಿಡ್ಡ ಕೂದಲಿನವೇ ಅಲ್ವಾ? ಮೇ ತಿಂಗಳ ಮಧ್ಯಾಹ್ನ ತಗಡಿನ ಕೆಳಗೆ ಬಿಡುವುದಿಲ್ಲ, ನೆರಳಿರುವ ಫರಸಿ ಹುಡುಕಿಕೊಂಡು ಚಾಚಿ ಮಲಗುತ್ತವೆ. ಈ ಬಿಸಿಲು ಅವಕ್ಕೆ ಗೊತ್ತು. ಪಕ್ಕದ ಮುಧೋಳದ ನಾಯಿ ನೋಡು. ತೆಳ್ಳನೆ ಮೈ, ಗಿಡ್ಡ ಕೂದಲು, ಈ ನೆಲಕ್ಕೆ ಹದವಾಗಿ ಬಂದ ತಳಿ. ಅದನ್ನು ಬಿಟ್ಟು ಹಿಮದ ದೇಶದ ನಾಯಿ ತಂದು ಕೂಲರ್ ಮುಂದೆ ಕಟ್ಟುವವರನ್ನು ಕಂಡಾಗ ನನಗೆ ಸಂಕಟ ಆಗುತ್ತದೆ. ಬೆಕ್ಕಿನ ವಿಷಯದಲ್ಲೂ ಅದೇ ಸಂಕಟ. ಮರಿ ಬೇಕಾದರೆ ಹೇಳು, ದುಡ್ಡು ಬೇಡ.

ಕುಂದಾ ಪ್ರಿಯ, ಬೆಳಗಾವಿ

ಕಾಕಾ ಹೇಳಿದ್ದು ಒಪ್ಪುವ ಮಾತು. ಆದರೆ ಅಕ್ಕ ಕೇಳಿದ್ದು ಎರಡು ತಳಿಯ ಬಗ್ಗೆ, ಅದನ್ನು ಪೂರ್ತಿ ಮಾಡೋಣ. ನನಗೆ ತಳಿಗಳ ಹುಚ್ಚು ಇದೆ, ಸ್ವಲ್ಪ ಉದ್ದ ಆಗುತ್ತದೆ.

ಎರಡಕ್ಕೂ ಬೇರು ಒಂದೇ. ಬ್ರಿಟನ್ನಿನ ಹೊಲ, ಗೋದಾಮು, ಬೀದಿಗಳ ಇಲಿ ಹಿಡಿಯುವ ಬೆಕ್ಕು. ಹ್ಯಾರಿಸನ್ ವೀರ್ ಅನ್ನುವ ಚಿತ್ರಕಾರ 1871ರ ಜುಲೈಯಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ದೊಡ್ಡ ಬೆಕ್ಕಿನ ಪ್ರದರ್ಶನ ಏರ್ಪಡಿಸಿದರು. ಅಲ್ಲಿಂದ ಆ ಬೀದಿ ಬೆಕ್ಕಿಗೆ ತಳಿಯ ಮರ್ಯಾದೆ ಬಂತು. ಆಮೇಲೆ ಎರಡು ಮಹಾಯುದ್ಧಗಳಲ್ಲಿ ಸಾಕುವವರಿಲ್ಲದೆ ಸಂಖ್ಯೆ ತೀರಾ ಇಳಿಯಿತು. ತಳಿ ಉಳಿಸಿಕೊಳ್ಳಲು ಪರ್ಷಿಯನ್ ಜೊತೆ ಕೂಡಿಸಿದರು. ಇವತ್ತು ನೋಡುವ ದುಂಡು ತಲೆ, ದಟ್ಟ ಕೂದಲಿಗೆ ಆ ಪರ್ಷಿಯನ್ ರಕ್ತದ ಪಾಲೂ ಇದೆ.

ಅಮೆರಿಕನ್‌ದು ಬೇರೆ ದಾರಿ. ಯುರೋಪಿನಿಂದ ಹಡಗು ಹತ್ತಿ ಹೊಸ ನಾಡಿಗೆ ಹೋದವರು ಇಲಿ ಕಾಟಕ್ಕೆ ಅಂತ ಬೆಕ್ಕುಗಳನ್ನು ಒಯ್ದರು. ಅವು ಅಲ್ಲಿನ ಕಣಜಗಳಲ್ಲಿ ತಲೆಮಾರುಗಟ್ಟಲೆ ದುಡಿದು ಬೆಳೆದವು. ಬೆಕ್ಕಿನ ತಳಿಗಳನ್ನು ನೋಂದಾಯಿಸುವ ಅಮೆರಿಕದ ಸಂಸ್ಥೆ ಕ್ಯಾಟ್ ಫ್ಯಾನ್ಸಿಯರ್ಸ್ ಅಸೋಸಿಯೇಷನ್ 1906ರಲ್ಲಿ ಶುರುವಾದಾಗ ಒಪ್ಪಿಕೊಂಡ ಮೊದಲ ತಳಿಗಳಲ್ಲಿ ಇದೂ ಒಂದು. ಈಗಿನ ಹೆಸರು ಬಂದದ್ದು 1966ರಲ್ಲಿ. ಅದೇ ಸಂಸ್ಥೆ ಬ್ರಿಟಿಷ್ ತಳಿಯನ್ನು ಒಪ್ಪಿದ್ದು 1980ರಲ್ಲಿ.

ಈಗ ಕಣ್ಣಿಗೆ ಕಾಣುವ ವ್ಯತ್ಯಾಸ. ಬ್ರಿಟಿಷ್ ಮೈ ಗಿಡ್ಡ, ಎದೆ ಅಗಲ, ಕಾಲು ಮೋಟು, ಬಾಲದ ಬುಡ ದಪ್ಪ, ತುದಿ ದುಂಡು. ಕೂದಲು ಮೈಗೆ ಅಂಟಿಕೊಳ್ಳದೆ ನಿಂತಿರುತ್ತದೆ. ಬೆರಳು ಇಳಿಸಿದರೆ ಚರ್ಮ ಕಾಣುವುದೇ ಕಷ್ಟ. ಬೆಕ್ಕು ಕತ್ತು ತಿರುಗಿಸಿದಾಗ ಕೂದಲು ಸೀಳಿ ಗೆರೆ ಬೀಳುತ್ತದೆ, ಅದು ಒಳ್ಳೆಯ ಬ್ರಿಟಿಷ್ ಮೈಯ ಲಕ್ಷಣ. ಅಮೆರಿಕನ್ ಮೈ ಎತ್ತರಕ್ಕಿಂತ ತುಸು ಉದ್ದ. ಮೂತಿ ಚೌಕ, ಮುಖ ಅಷ್ಟು ದುಂಡಗಿಲ್ಲ. ಕೂದಲು ಗಿಡ್ಡ, ದಪ್ಪ, ಮುಟ್ಟಿದರೆ ಒರಟು, ಮೈಗೆ ಹತ್ತಿಕೊಂಡು ಮಲಗಿರುತ್ತದೆ. ಬಾಚುವ ಕೆಲಸ ಇದಕ್ಕೆ ಕಡಿಮೆ. ಬ್ರಿಟಿಷಿಗೆ ವಾರಕ್ಕೆ ಎರಡು ಸಲ, ಕೂದಲು ಉದುರುವ ಕಾಲದಲ್ಲಿ ಇನ್ನೂ ಜಾಸ್ತಿ.

ಬಣ್ಣದ ಮೇಲೆ ಹೋಗಬೇಡಿ ಅಕ್ಕಾ. ಇದು ಮುಖ್ಯ. ಬೂದು ಬಣ್ಣ ನಮ್ಮ ಜವಾರಿ ಬೆಕ್ಕಿನಲ್ಲೂ ಬರುತ್ತದೆ. ಎರಡು ಕಪ್ಪು ಬೆಕ್ಕು ಕೂಡಿದರೂ ಬೂದು ಮರಿ ಹುಟ್ಟಬಹುದು, ಆ ಗುಣ ಅಡಗಿ ಬರುವಂಥದ್ದು. ಬೆಳ್ಳಿ ಬಣ್ಣ ಹಾಗಲ್ಲ. ಅದು ಎದ್ದು ಕಾಣುವ ಗುಣ. ಮರಿ ಬೆಳ್ಳಿಯದಾದರೆ ಅಪ್ಪ ಅಮ್ಮಂದಿರಲ್ಲಿ ಒಬ್ಬರಾದರೂ ಬೆಳ್ಳಿ ಇರಲೇಬೇಕು. ಹೈದರಾಬಾದಿನವರಿಗೆ ಕೇಳಿ, ಆ ಬೆಳ್ಳಿ ತಾಯಿಯನ್ನೋ ತಂದೆಯನ್ನೋ ವಿಡಿಯೋದಲ್ಲಿ ತೋರಿಸಿ ಅಂತ. ಮತ್ತೆ ಅಮೆರಿಕನ್‌ಗೆ ಹೆಸರು ತಂದ ಪಟ್ಟೆ ಅಂದರೆ ಪಕ್ಕೆಯ ಮೇಲೆ ದೊಡ್ಡ ಸುಳಿ, ಭುಜದ ಮೇಲೆ ಚಿಟ್ಟೆ ರೆಕ್ಕೆ ಬಿಡಿಸಿದ ಗುರುತು. ನಮ್ಮ ಬೀದಿ ಬೆಕ್ಕಿನ ಪಟ್ಟೆ ಸಾಮಾನ್ಯವಾಗಿ ಸಣ್ಣ ಗೆರೆ, ಇಲ್ಲವೇ ಚುಕ್ಕಿ. ಫೋಟೋದಲ್ಲಿ ಪಕ್ಕೆ ನೋಡಿ.

ಗೋಳಗುಮ್ಮಟದ ನೆರಳು

ಫೋಟೋ ತೆಗೆದು ನೋಡಿದೆ. ಪಕ್ಕೆಯಲ್ಲಿ ಸುಳಿ ಇಲ್ಲ, ಬರೀ ಸಣ್ಣ ಗೆರೆಗಳು. ಬೂದು ಮೈ ಮೇಲೆ ಕಪ್ಪು ಗೆರೆ. ಇನ್ನೊಂದು ಪ್ರಶ್ನೆ. ಬ್ರಿಟಿಷಿಗೆ ತಾಮ್ರದ ಬಣ್ಣದ ಕಣ್ಣು ಅಂತಾರಲ್ಲ, ಪುಣೆಯ ಮರಿಗಳ ಕಣ್ಣು ನೀಲಿ ಇದೆ. ಮೋಸನಾ?

ಕುಂದಾ ಪ್ರಿಯ

ಅದು ಮೋಸ ಅಲ್ಲ ಅಕ್ಕಾ. ಎಲ್ಲ ಮರಿಗಳ ಕಣ್ಣೂ ಮೊದಲು ನೀಲಿ. ತಾಮ್ರದ ಬಣ್ಣ ನಿಲ್ಲಲು ಕೆಲವು ತಿಂಗಳು ಬೇಕು. ಬೂದು ಮರಿಯ ಮೈ ಮೇಲೆ ಮಸುಕು ಪಟ್ಟೆ ಕಂಡರೂ ಗಾಬರಿ ಬೇಡ, ಬೆಳೆದಂತೆ ಅಳಿಸಿಹೋಗುತ್ತದೆ. ಸಣ್ಣ ಗೆರೆ ಇದ್ದರೆ ಅಮೆರಿಕನ್ ಅಲ್ಲವೇ ಅಲ್ಲ ಅಂತಲೂ ಹೇಳಲಾಗದು, ಆ ತಳಿಯಲ್ಲಿ 80ಕ್ಕೂ ಹೆಚ್ಚು ಬಣ್ಣ, ಮಾದರಿ ಇವೆ. ಆದರೆ ನೋಂದಣಿ ಕಾಗದ ಇಲ್ಲದೆ ಆ ಹೆಸರಿಗೆ ದುಡ್ಡು ಕೊಡಬೇಡಿ. ನಮ್ಮ ಕಡೆ ಅಸಲಿ ಅಮೆರಿಕನ್ ಸಿಗುವುದು ಅಪರೂಪ.

ದವಾಖಾನೆ ಡ್ಯೂಟಿ, ಬೆಳಗಾವಿ

ನಾನು ಪಶುವೈದ್ಯೆ. ಆರೋಗ್ಯದ ಮಾತು ಯಾರೂ ಎತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಎರಡೂ ಗಟ್ಟಿ ತಳಿಗಳು. ಚಪ್ಪಟೆ ಮೂಗು ಇಲ್ಲ, ಉಸಿರಾಟದ ತೊಂದರೆ ಇಲ್ಲ. ಚೆನ್ನಾಗಿ ನೋಡಿಕೊಂಡರೆ ಹದಿನೈದು ವರ್ಷ ಬದುಕುವುದು ಕಷ್ಟವಲ್ಲ. ನನಗಿರುವ ಚಿಂತೆ ಹೃದಯದ್ದು. ಬೆಕ್ಕುಗಳಲ್ಲಿ ಹೃದಯದ ಗೋಡೆ ದಪ್ಪವಾಗುವ ಒಂದು ಕಾಯಿಲೆ ಇದೆ, ಹೆಚ್‌ಸಿಎಂ ಅನ್ನುತ್ತೇವೆ. ಬ್ರಿಟಿಷಿನಲ್ಲಿ ಇದು ಗುರುತಾದ ಸಮಸ್ಯೆ, ಗಂಡಿನಲ್ಲಿ ಹೆಚ್ಚು. ಅಮೆರಿಕನ್‌ನಲ್ಲೂ ಕಂಡುಬಂದಿದೆ. ಹೊರಗೆ ಏನೂ ಕಾಣುವುದಿಲ್ಲ. ತಿನ್ನುತ್ತದೆ, ಆಡುತ್ತದೆ. ಒಂದು ದಿನ ಹಿಂಗಾಲು ಎರಡೂ ಸೋತು ನೋವಿನಿಂದ ಕಿರುಚುತ್ತದೆ, ಪಾದ ಮುಟ್ಟಿದರೆ ತಣ್ಣಗಿರುತ್ತದೆ. ಮನೆಯವರು ಲಕ್ವಾ ಹೊಡೆದಿದೆ ಅಂತ ಎಣ್ಣೆ ಹಚ್ಚಿ ಕಾಯುತ್ತಾರೆ. ಅದು ಹೃದಯದಿಂದ ಹೊರಟ ರಕ್ತದ ಹೆಪ್ಪು ಕಾಲಿನ ರಕ್ತನಾಳ ಮುಚ್ಚಿದ್ದು. ಒಂದು ಗಂಟೆಯೂ ಕಾಯಬಾರದು.

ಮನೆಯಲ್ಲೇ ಮಾಡಬಹುದಾದ ಒಂದು ಕೆಲಸ ಇದೆ. ಬೆಕ್ಕು ಗಾಢ ನಿದ್ದೆಯಲ್ಲಿದ್ದಾಗ ಪಕ್ಕೆ ಎಷ್ಟು ಸಲ ಏರಿಳಿಯುತ್ತದೆ ಎಣಿಸಿ. ನಿಮಿಷಕ್ಕೆ 30ರ ಒಳಗೆ ಇರಬೇಕು. ಮತ್ತೆ ಮತ್ತೆ ಅದಕ್ಕಿಂತ ಜಾಸ್ತಿ ಬಂದರೆ ತೋರಿಸಿ.

ಎರಡನೆಯದು ಮೂತ್ರಪಿಂಡದಲ್ಲಿ ನೀರುಗುಳ್ಳೆ ಬೆಳೆಯುವ ಪಿಕೆಡಿ. ಪರ್ಷಿಯನ್ ರಕ್ತ ಸೇರಿದ್ದರಿಂದ ಬ್ರಿಟಿಷಿಗೆ ಬಂದದ್ದು. ಇದಕ್ಕೆ ಜೀನ್ ಪರೀಕ್ಷೆ ಇದೆ, ಒಂದು ಸಲ ಮಾಡಿಸಿದರೆ ಸಾಕು. ತಂದೆ ತಾಯಿ ಇಬ್ಬರದೂ ಚೊಕ್ಕ ಇದ್ದರೆ ಮರಿಗೆ ಬರುವುದಿಲ್ಲ.

ಮೂರನೆಯದು ರಕ್ತದ ಗುಂಪು. ಬೆಕ್ಕುಗಳಲ್ಲಿ ಎ, ಬಿ ಇವೆ. ಎಬಿ ಬಲು ಅಪರೂಪ. ಅಮೆರಿಕನ್ ತಳಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಎ. ಬ್ರಿಟಿಷಿನಲ್ಲಿ ಬಿ ಗುಂಪಿನವು ಬಹಳ ಇವೆ. ಬಿ ಬೆಕ್ಕಿಗೆ ಎ ರಕ್ತ ಸ್ವಲ್ಪ ಹೋದರೂ ಜೀವ ಹೋಗಬಹುದು. ಬ್ರಿಟಿಷ್ ತಂದರೆ ಗುಂಪು ಪರೀಕ್ಷೆ ಮಾಡಿಸಿ ಅದರ ಕಾರ್ಡಿನ ಮೇಲೆ ಬರೆಸಿಡಿ.

ಶಹಾಪುರ ಗಲ್ಲಿ, ಬೆಳಗಾವಿ

ಮೇಡಂ, ಒಬ್ಬ ಮಾರಾಟಗಾರರು ನನಗೆ ಬ್ರಿಟಿಷ್ ಮರಿಯ ಜೊತೆ ಹೆಚ್‌ಸಿಎಂ ಜೀನ್ ಪರೀಕ್ಷೆ ನೆಗೆಟಿವ್ ಅಂತ ಕಾಗದ ಕೊಡುತ್ತೇನೆ ಅಂದಿದ್ದಾರೆ. ಸಾಕಲ್ವಾ?

ದವಾಖಾನೆ ಡ್ಯೂಟಿ

ಸಾಲದು. ಈಗ ಚಾಲ್ತಿಯಲ್ಲಿರುವ ಆ ಪರೀಕ್ಷೆಗಳು ಹೆಚ್ಚಾಗಿ ಮೇನ್ ಕೂನ್, ರ‍್ಯಾಗ್‌ಡಾಲ್ ತಳಿಗಳಲ್ಲಿ ಸಿಕ್ಕ ಜೀನ್ ದೋಷ ಹುಡುಕುವಂಥವು. ಬ್ರಿಟಿಷಿಗೆ ಅವು ಭರವಸೆ ಕೊಡುವುದಿಲ್ಲ. ಬೇಕಾದದ್ದು ತಂದೆ ತಾಯಿಯ ಹೃದಯದ ಎಕೋ ವರದಿ. ಅದೂ ಇತ್ತೀಚಿನದು, ಯಾಕಂದ್ರೆ ಈ ಕಾಯಿಲೆ ವಯಸ್ಸಾದ ಮೇಲೆ ಶುರುವಾಗಬಹುದು. ಮರಿ ಹಾಕಿಸುವ ಬೆಕ್ಕಿಗೆ ಎಕೋ ಮತ್ತೆ ಮತ್ತೆ ಮಾಡಿಸಬೇಕು. ಪಿಕೆಡಿ ಜೀನ್ ಕಾಗದ ಕೊಟ್ಟರೆ ಅದು ಕೆಲಸಕ್ಕೆ ಬರುತ್ತದೆ.

ಜಮಖಂಡಿ ಓಣಿ, ಜಮಖಂಡಿ

ನಮ್ಮದೂ ಶಾಕಾಹಾರಿ ಮನೆ. ನಮ್ಮ ಅಜ್ಜಿ ಬೆಕ್ಕಿಗೆ ಹಾಲು ರೊಟ್ಟಿ, ಮೊಸರನ್ನ ಹಾಕಿಯೇ ಸಾಕಿದ್ದರು. ಎಂದೂ ಏನೂ ಆಗಲಿಲ್ಲ. ತಳಿ ಬೆಕ್ಕಿಗೂ ರೂಢಿ ಮಾಡಿಸಿದರೆ ಆಗುತ್ತದೆ.

ಅಡತಿ ಅಂಗಡಿ

ಆ ಬೆಕ್ಕು ಹಿತ್ತಲಲ್ಲಿ ಇಲಿ, ಓತಿಕ್ಯಾತ ತಿನ್ನುತ್ತಿತ್ತು ತಮ್ಮಾ. ಅಜ್ಜಿಯ ರೊಟ್ಟಿ ಮೇಲಿನ ತುತ್ತು ಅಷ್ಟೇ.

ದವಾಖಾನೆ ಡ್ಯೂಟಿ

ಕಾಕಾ ಹೇಳಿದ್ದೇ ಸರಿ. ಮನೆಯೊಳಗೇ ಇರುವ ಬೆಕ್ಕಿಗೆ ಆ ಇಲಿ ಸಿಗುವುದಿಲ್ಲ. ಬೆಕ್ಕಿನ ದೇಹ ಮಾಂಸಕ್ಕೆ ಕಟ್ಟಿದ ದೇಹ. ಟಾರಿನ್ ಅನ್ನುವ ಅಂಶವನ್ನು ತನಗೆ ಬೇಕಾದಷ್ಟು ತಾನೇ ತಯಾರಿಸಿಕೊಳ್ಳಲಾರದು. ಗಜ್ಜರಿ ತಿಂದು ಅದರಿಂದ ಎ ಜೀವಸತ್ವ ಮಾಡಿಕೊಳ್ಳಲೂ ಆಗದು. ಟಾರಿನ್ ಕಡಿಮೆಯಾದರೆ ಹೃದಯ ಹಿಗ್ಗಿ ಸೋಲುತ್ತದೆ, ಕಣ್ಣಿನ ಹಿಂಪದರ ಹಾಳಾಗಿ ಕುರುಡಾಗುತ್ತದೆ. ಆ ಹೃದಯದ ನಂಟು ಗೊತ್ತಾದದ್ದು 1987ರಲ್ಲಿ, ಆಮೇಲೆ ಕಂಪನಿಗಳು ಆಹಾರದಲ್ಲಿ ಟಾರಿನ್ ಹೆಚ್ಚಿಸಿದವು. ದೊಡ್ಡ ಬೆಕ್ಕುಗಳಲ್ಲಿ ಹಾಲು ಜೀರ್ಣವಾಗದೆ ಭೇದಿಯಾಗುವುದೂ ಸಾಮಾನ್ಯ.

ಶಾಕಾಹಾರಿ ಮನೆಯಲ್ಲಿ ಬೆಕ್ಕು ಸಾಕಬಾರದು ಅಂತ ನಾನು ಹೇಳುವುದಿಲ್ಲ. ಒಲೆಯ ಮೇಲೆ ಮಾಂಸ ಬೇಯಿಸಬೇಕಾಗಿಯೂ ಇಲ್ಲ. ಬೆಕ್ಕಿಗಂತಲೇ ಮಾಡಿದ ಒಣ ಆಹಾರದ ಚೀಲ ತನ್ನಿ, ಅದಕ್ಕೆ ಬೇರೆ ತಟ್ಟೆ, ಬೇರೆ ಮೂಲೆ ಇಡಿ. ನಾಯಿಯ ಆಹಾರ ಹಾಕಬೇಡಿ, ಅದರಲ್ಲಿ ಬೆಕ್ಕಿಗೆ ಬೇಕಾದಷ್ಟು ಟಾರಿನ್ ಇರುವುದಿಲ್ಲ. ಚೀಲದೊಳಗೆ ಮಾಂಸ, ಮೀನು ಇರುತ್ತದೆ. ಅದು ಮನೆಯೊಳಗೆ ಬರುವುದನ್ನು ಹಿರಿಯರು ಒಪ್ಪುತ್ತಾರೋ ಅಂತ ಮೊದಲೇ ಕೇಳಿಕೊಳ್ಳಿ. ಒಪ್ಪದಿದ್ದರೆ ಬೆಕ್ಕು ತರುವುದು ಬೇಡ.

ಗೋಳಗುಮ್ಮಟದ ನೆರಳು

ಅತ್ತೆಯನ್ನೇ ಕೇಳಿದೆ. "ಅದರ ಹೊಟ್ಟೆಗೆ ಏನು ಬೇಕೋ ಅದನ್ನು ಹಾಕಬೇಕು, ಹಿತ್ತಲ ಬಾಗಿಲ ಹತ್ತಿರ ತಟ್ಟೆ ಇಡು" ಅಂದರು. ಅದೊಂದು ಬಗೆಹರಿಯಿತು. ಬಿಸಿಲಿನ ಮಾತು ಹೇಳಿ ಮೇಡಂ.

ದವಾಖಾನೆ ಡ್ಯೂಟಿ

ಒಳ್ಳೆಯ ಅತ್ತೆ. ಬಿಸಿಲಿಗೆ ಅಮೆರಿಕನ್ ಮೈ ಸ್ವಲ್ಪ ಹಗುರ, ಆದರೆ ಅದೇ ದೊಡ್ಡ ಕಾರಣ ಆಗಬೇಕಿಲ್ಲ. ಬ್ರಿಟಿಷಿಗೂ ನಿಮ್ಮ ಫರಸಿ ನೆಲ ವರ. ಬಿಸಿಲು ಬೀಳುವ ಕಿಟಕಿಗೆ ಪರದೆ, ಗಾಳಿ ಆಡುವ ಕೋಣೆ, ಎರಡು ಮೂರು ಕಡೆ ಅಗಲ ಬಾಯಿಯ ಮಣ್ಣಿನ ಪಾತ್ರೆಯಲ್ಲಿ ನೀರು. ಕೂಲರ್ ಹಾಕಿದರೆ ಒಂದು ಕಿಟಕಿ ತೆರೆದಿರಲಿ, ಇಲ್ಲವಾದರೆ ಕೋಣೆ ಹಬೆ ಕಟ್ಟುತ್ತದೆ. ಕಿಟಕಿಗೆ ಜಾಳಿಗೆ ಇರಲಿ. ಮೇಲಿನ ಖೋಲಿಯಲ್ಲಿ, ನಿಂತ ಕಾರಿನಲ್ಲಿ ಐದು ನಿಮಿಷಕ್ಕೂ ಬಿಡಬೇಡಿ. ಮೈ ಬೋಳಿಸಬೇಡಿ. ಸತ್ತ ಕೂದಲು ಬಾಚಿ ತೆಗೆದರೆ ಸಾಕು.

ಬೆಕ್ಕಿನ ಮೈ ಬಿಸಿ 38ರಿಂದ 39 ಡಿಗ್ರಿ ಆಸುಪಾಸು ಇರುತ್ತದೆ. ನಾಯಿ ಬಾಯಿ ತೆರೆದು ಏದುಸಿರು ಬಿಟ್ಟರೆ ಸಹಜ. ಬೆಕ್ಕು ಹಾಗೆ ಮಾಡಿದರೆ ಅಪಾಯ. ಕಿವಿ, ಪಾದ, ಹೊಟ್ಟೆಗೆ ತಣ್ಣೀರಿನ ಬಟ್ಟೆ ಒತ್ತಿ, ಫ್ಯಾನ್ ಹಾಕಿ, ಹಾಗೇ ದವಾಖಾನೆಗೆ ಹೊರಡಿ. ಐಸ್ ನೀರಿನಲ್ಲಿ ಮುಳುಗಿಸಬೇಡಿ. ಬೊಜ್ಜು ಬಂದ ಬೆಕ್ಕಿಗೆ ಬಿಸಿಲು ಬೇಗ ತಾಗುತ್ತದೆ. ಟಿಳಕವಾಡಿಯವರ ಡಬ್ಬಿ ಲೆಕ್ಕವನ್ನು ಎಲ್ಲರೂ ಪಾಲಿಸಿ.

ಖಣದ ಮಗ್ಗ, ಗುಳೇದಗುಡ್ಡ

ನಾನೊಂದು ಮಾತು ಸೇರಿಸುತ್ತೇನೆ ಅಕ್ಕಾ, ತಳಿ ಯಾವುದಾದರೂ ಇದು ಬೇಕು. ಮನೆಯಲ್ಲಿ ಹೊಲಿಗೆ ಮಷಿನ್ ಇದ್ದರೆ ದಾರ, ಸೂಜಿ ಮುಚ್ಚಿಡಿ. ನಾವು ಮಗ್ಗದವರು, ರೇಷ್ಮೆ ಎಳೆ ಎಲ್ಲೆಲ್ಲೂ. ಬೆಕ್ಕಿನ ನಾಲಿಗೆಯ ಮುಳ್ಳು ಒಳಮುಖ ಇರುತ್ತದೆ, ದಾರ ಬಾಯಿಗೆ ಸಿಕ್ಕಿದರೆ ಉಗುಳಲು ಬರುವುದಿಲ್ಲ, ಒಳಗೇ ಹೋಗುತ್ತದೆ. ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡು ಇನ್ನೊಂದು ತುದಿ ಕರುಳಿಗೆ ಇಳಿದರೆ ಕರುಳು ಸುಕ್ಕುಗಟ್ಟಿ ಕೊಯ್ದುಕೊಳ್ಳುತ್ತದೆ. ಹಿಂದಿನಿಂದ ದಾರದ ತುದಿ ಕಂಡರೂ ಕೈಯಿಂದ ಎಳೆಯಬಾರದು ಅಂತ ನಮ್ಮ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದಾರೆ. ಮಗಳು ದಾರ ಕಟ್ಟಿದ ಕೋಲಿನಿಂದ ಆಡಿಸಿದರೆ, ಆಟ ಮುಗಿದ ಮೇಲೆ ಕೋಲು ಕಪಾಟಿನೊಳಗೆ ಹೋಗಬೇಕು.

ದವಾಖಾನೆ ಡ್ಯೂಟಿ

ಅಣ್ಣ ಹೇಳಿದ್ದು ನೂರಕ್ಕೆ ನೂರು ಸತ್ಯ. ಜೊತೆಗೆ ಇನ್ನೆರಡು. ಜ್ವರ ಅಂತ ಪ್ಯಾರಾಸಿಟಮಾಲ್ ಕೊಡಬೇಡಿ, ಒಂದು ಗುಳಿಗೆಯೇ ಬೆಕ್ಕನ್ನು ಕೊಲ್ಲಬಹುದು. ನಾಯಿಯ ಉಣ್ಣೆಗೆ ಹಚ್ಚುವ ಔಷಧದಲ್ಲಿ ಪರ್ಮೆತ್ರಿನ್ ಇದ್ದರೆ ಅದನ್ನು ಬೆಕ್ಕಿಗೆ ಹಚ್ಚಬೇಡಿ.

ಶಹಾಪುರ ಗಲ್ಲಿ

ಇದೇ ಮಾರಾಟಗಾರರು ಬ್ರಿಟಿಷ್ ಮರಿಯಲ್ಲೇ ಕಿವಿ ಮಡಚಿರುವುದು ಇದೆ, ಸ್ವಲ್ಪ ಜಾಸ್ತಿ ರೇಟು ಅಂದರು. ಅದು ಹೇಗೆ?

ಕುಂದಾ ಪ್ರಿಯ

ಅದು ಸ್ಕಾಟಿಷ್ ಫೋಲ್ಡ್, ಅಥವಾ ಅದರ ರಕ್ತ ಸೇರಿದ್ದು. 1961ರಲ್ಲಿ ಸ್ಕಾಟ್ಲೆಂಡಿನ ಒಂದು ತೋಟದ ಮನೆಯಲ್ಲಿ ಕಂಡ ಸೂಸಿ ಅನ್ನುವ ಬಿಳಿ ಬೆಕ್ಕಿನಿಂದ ಬಂದ ತಳಿ. ಬ್ರಿಟಿಷ್, ಅಮೆರಿಕನ್ ಎರಡರ ಜೊತೆಗೂ ಕೂಡಿಸಿ ಬೆಳೆಸಿದ್ದಾರೆ. ಕಿವಿಯನ್ನು ಮಡಚುವ ದೋಷ ಮೈಯ ಮೃದ್ವಸ್ಥಿಗೆಲ್ಲ ತಟ್ಟುತ್ತದೆ. ಬಾಲ ಬಿಗಿಯುತ್ತದೆ, ಹಿಂಗಾಲಿನ ಕೀಲು ಗಂಟಾಗುತ್ತದೆ, ಜೀವನಪೂರ್ತಿ ನೋವು. ಬ್ರಿಟನ್ನಿನ ಬೆಕ್ಕಿನ ಸಂಸ್ಥೆ 1970ರ ದಶಕದಲ್ಲೇ ಅದರ ನೋಂದಣಿ ನಿಲ್ಲಿಸಿತು. ಮಡಚಿದ ಕಿವಿಗೆ ಜಾಸ್ತಿ ದುಡ್ಡು ಕೊಟ್ಟರೆ ಆ ನೋವಿಗೆ ದುಡ್ಡು ಕೊಟ್ಟಂತೆ. ಕೈ ಮುಗಿದು ಕೇಳುತ್ತೇನೆ, ತರಬೇಡಿ.

ಗೋಳಗುಮ್ಮಟದ ನೆರಳು

ಹೈದರಾಬಾದಿನವರಿಗೆ ತಂದೆ ತಾಯಿ ತೋರಿಸಿ ಅಂದೆ. ಅವರಲ್ಲಿ ಇಲ್ಲವಂತೆ, ಬೇರೆ ಕಡೆಯಿಂದ ತರಿಸಿದ ಮರಿಗಳಂತೆ. ನೋಂದಣಿ ಕಾಗದವೂ ಇಲ್ಲ. ಅದನ್ನು ಬಿಟ್ಟೆ.

ಪುಣೆಯವರು ಎಲ್ಲ ತೋರಿಸಿದರು. ತಾಯಿಯ ಎಕೋ, ಪಿಕೆಡಿ ಕಾಗದ, ರಕ್ತದ ಗುಂಪು, ಲಸಿಕೆ ಕಾರ್ಡು. ಮರಿಗೆ ಮೂರು ತಿಂಗಳು ತುಂಬುವ ತನಕ ಕೊಡುವುದಿಲ್ಲ ಅಂತ ಅವರೇ ಹೇಳಿದರು. ಮಾತಿನ ನಡುವೆ, ಮರಿ ಹಾಕುವುದು ನಿಲ್ಲಿಸಿದ ನಾಲ್ಕು ವರ್ಷದ ಹೆಣ್ಣು ಒಂದಿದೆ, ಆಪರೇಷನ್ ಆಗಿದೆ, ಒಳ್ಳೆಯ ಮನೆ ಹುಡುಕುತ್ತಿದ್ದೇವೆ ಅಂದರು. ಮಗಳಿಗೆ ಮರಿಯೇ ಬೇಕು. ನನ್ನ ಮನಸ್ಸು ದೊಡ್ಡದರ ಕಡೆ. ಏನಂತೀರಿ?

ದವಾಖಾನೆ ಡ್ಯೂಟಿ

ನನ್ನ ಕೈಯಲ್ಲಿದ್ದರೆ ದೊಡ್ಡದನ್ನೇ ಕೊಡಿಸುತ್ತಿದ್ದೆ. ನಾಲ್ಕು ವರ್ಷಕ್ಕೆ ಸ್ವಭಾವ ಏನೆಂದು ಗೊತ್ತಾಗಿರುತ್ತದೆ, ಮೈ ಬೆಳೆದಿರುತ್ತದೆ, ಎಕೋ ವರದಿಗೂ ಹೆಚ್ಚು ಬೆಲೆ ಇರುತ್ತದೆ. ಹೆಣ್ಣಾದ್ದರಿಂದ ಹೃದಯದ ಅಪಾಯವೂ ಕಡಿಮೆ. ಅತ್ತೆಯವರ ಕಾಲಿಗೂ ಕ್ಷೇಮ. ಮರಿ ಅಂದರೆ ಮೊದಲ ವರ್ಷ ತಳಿ ಯಾವುದಾದರೂ ಓಡಾಟವೇ.

ಟಿಳಕವಾಡಿ ಕಿಟಕಿ

ಮಗಳಿಗೆ ಹೇಳಿ ಅಕ್ಕಾ, ದೊಡ್ಡ ಬೆಕ್ಕೂ ಆಡುತ್ತದೆ ಅಂತ. ಸಂಜೆಯ ಆ ಹತ್ತು ನಿಮಿಷ ಅವಳದ್ದು ಅಂತ ಬಿಟ್ಟುಕೊಡಿ. ಒಂದೇ ನಿಯಮ, ಎತ್ತಬಾರದು. ನೆಲದ ಮೇಲೆ ಕೂತು ಬೆರಳು ಚಾಚಿದರೆ ತಾನೇ ಬಂದು ಗಲ್ಲ ಉಜ್ಜುತ್ತದೆ.

ಘಟಪ್ರಭಾ ದಂಡೆ

ತಂಗೀ, ನಾನು ಅಮೆರಿಕನ್ ಪರ ಇದ್ದವಳು. ಕಾಗದ ಇಲ್ಲದ್ದನ್ನು ಬಿಟ್ಟೆ ಅಂದದ್ದು ಕೇಳಿ ಸಮಾಧಾನ ಆಯಿತು. ಬಿಸಿಲಲ್ಲಿ ತರಬೇಡ, ಮಳೆ ಹಿಡಿಯಲಿ.

ಗೋಳಗುಮ್ಮಟದ ನೆರಳು

ಹೌದು ಅಕ್ಕಾರೆ, ಜೂನ್ ನಡುವೆ ಮಳೆ ಬಿದ್ದ ಮೇಲೆ ನಾವೇ ಪುಣೆಗೆ ಹೋಗಿ, ರಾತ್ರಿ ಪ್ರಯಾಣದಲ್ಲಿ ತರುತ್ತೇವೆ. ನಾಲ್ಕು ವರ್ಷದ್ದೇ. ಅಡತಿ ಕಾಕಾ, ನಿಮ್ಮ ಮರಿಯನ್ನು ಬೇಡ ಅಂದದ್ದಕ್ಕೆ ಬೇಜಾರಾಗಬೇಡಿ.

ಅಡತಿ ಅಂಗಡಿ

ಬೇಜಾರು ಯಾಕೆ ತಂಗೀ. ನಾಲ್ಕು ವರ್ಷದ್ದಕ್ಕೆ ಮನೆ ಕೊಡುತ್ತಿದ್ದೀ, ಅದು ದೊಡ್ಡ ಮಾತು. ಈ ಹರಟೆ ಓದುವವರಲ್ಲಿ ಯಾರಿಗಾದರೂ ಜವಾರಿ ಮರಿ ಬೇಕಿದ್ದರೆ ಅಂಗಡಿಗೆ ಬರಲಿ. ಕಣ್ಣು ಬಿಟ್ಟಾಗಿನಿಂದ ಹಮಾಲರ ಕೈಯಲ್ಲೇ ಬೆಳೆದಿವೆ, ಮನುಷ್ಯರ ಹೆದರಿಕೆ ಇಲ್ಲ.

ದವಾಖಾನೆ ಡ್ಯೂಟಿ

ಕಾಕಾ, ಎರಡರಿಂದ ಏಳು ವಾರದ ಒಳಗೆ ಮನುಷ್ಯರ ಕೈ ಬಿದ್ದ ಮರಿ ಯಾವ ತಳಿಗೂ ಕಡಿಮೆಯಿಲ್ಲದಷ್ಟು ಹೊಂದಿಕೊಳ್ಳುತ್ತದೆ. ಲಸಿಕೆ ಹಾಕಿಸಿಯೇ ಕೊಡಿ. ಮೊದಲನೆಯದು ಎಂಟು ವಾರಕ್ಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರದವರೆಗೆ. ಮೂರು ತಿಂಗಳ ಮೇಲೆ ಹುಚ್ಚುನಾಯಿ ರೋಗದ್ದು.

ವಿಜಯಪುರದ ಅಕ್ಕಾ, ಕೊನೆಗೊಂದು. ಬಂದ ಮೊದಲ ದಿನಗಳಲ್ಲಿ ಒಂದೇ ಕೋಣೆ ಕೊಡಿ, ಅಲ್ಲೇ ತಟ್ಟೆ, ನೀರು, ಮಲಮೂತ್ರಕ್ಕೆ ಮಣ್ಣು ತುಂಬಿದ ಟ್ರೇ, ಅಡಗಲು ಒಂದು ರಟ್ಟಿನ ಡಬ್ಬಿ. ಮೊದಲ ದಿನ ತಿನ್ನದಿದ್ದರೆ ಗಾಬರಿ ಬೇಡ. ಎರಡನೇ ದಿನವೂ ಏನೂ ಮುಟ್ಟದಿದ್ದರೆ ಕಾಯದೆ ತೋರಿಸಿ. ಮೈ ತುಂಬಿದ ಬೆಕ್ಕು ಉಪವಾಸ ಬಿದ್ದರೆ ಮೈಯ ಕೊಬ್ಬು ಪಿತ್ತಜನಕಾಂಗಕ್ಕೆ ನುಗ್ಗಿ ಅದೇ ದೊಡ್ಡ ಕಾಯಿಲೆ ಆಗುತ್ತದೆ.

ಗೋಳಗುಮ್ಮಟದ ನೆರಳು

ಆಗಲಿ ಮೇಡಂ. ಪುಣೆಯಲ್ಲಿ ಈಗ ಯಾವ ಆಹಾರ ತಿನ್ನುತ್ತಿದೆಯೋ ಅದನ್ನೇ ಒಂದು ಚೀಲ ಮೊದಲೇ ತರಿಸಿಡುತ್ತೇನೆ. ಅದರ ಹಳೆಯ ಹಾಸಿಗೆಯನ್ನೂ ಕೊಡಿ ಅಂತ ಕೇಳಿದ್ದೇನೆ, ಕೊಡುತ್ತಾರಂತೆ.